ಮೂರೂರಿನ ಹೂಂ

ಹೇಮಾವತಿ ನದಿ ಇನ್ನೂ ಲಂಗ ಎತ್ತಿ ದಾಟಬಹುದಾದಷ್ಟು ಪುಟ್ಟ ಹಳ್ಳವಾಗಿರುವ ಸೀಮೆಯಲ್ಲಿ, ಬೆಟ್ಟಕ್ಕೆ ಬೆಟ್ಟ ಆತುಕೊಂಡು ತೂಕಡಿಸುವ ಜಾಗದಲ್ಲಿ, ಒಬ್ಬ ರಾಜನಿದ್ದ. ರಾಜನಿಗೆ ಒಬ್ಬಳೇ ಮಗಳು, ಮೂರು ಕೋಟೆ. ಕೋಟೆ ಕೋಟೆಗೆ ಮಾತಿಲ್ಲ. ಒಂದು ಕೋಟೆಯವರು ಬೆಳಗಾಯಿತು ಎಂದರೆ ಇನ್ನೊಂದು ಕೋಟೆಯವರು ದೀಪ ಹಚ್ಚುತ್ತಿದ್ದರು. ಬೇಸತ್ತ ರಾಜ ಡಂಗುರ ಸಾರಿಸಿದ: "ಈ ಮೂರನ್ನೂ ಒಂದು ಮಾಡಿದವರು ಕೇಳಿದ್ದನ್ನು ಕೊಡುತ್ತೇನೆ!"

ಅಜ್ಜಿಯ ಕತೆಯಾದರೆ ಇಷ್ಟು ಹೊತ್ತಿಗೆ ಬಿಳಿಕುದುರೆಯ ಮೇಲೆ ಒಬ್ಬ ರಾಜಕುಮಾರ ಬರಬೇಕು. ಇಲ್ಲಿ ಬಂದದ್ದು ರುದ್ರೇಶ, ಸೈಲೆನ್ಸರನ್ನು ತಂತಿಯಲ್ಲಿ ಕಟ್ಟಿದ ಬೈಕಿನ ಮೇಲೆ. ರಾಜ ಎಂದರೆ ಹೇಮಗಿರಿ ಬೆಳೆಗಾರರ ಸಹಕಾರ ಸಂಘದ ಅಧ್ಯಕ್ಷರಾದ ಮಲ್ಲಿಕಾರ್ಜುನ ಅವರು. ಡಂಗುರ ಹೊಡೆದದ್ದು ವಾರ್ಷಿಕ ಸಭೆಯ ಮೈಕಿನಲ್ಲಿ, ಬೋಂಡಾ ಹಂಚುವುದಕ್ಕೆ ಸ್ವಲ್ಪ ಮುಂಚೆ. ರುದ್ರೇಶ ಸಂಘದ ಕಂಪ್ಯೂಟರ್ ನೋಡಿಕೊಳ್ಳುವವನು. 'ಕೇಳಿದ್ದನ್ನು ಕೊಡುತ್ತೇನೆ' ಎಂಬ ಮಾತು ಕಿವಿಗೆ ಬಿದ್ದಾಗ ಅವನ ಕಣ್ಣು ತಾನಾಗಿಯೇ ಮುಂದಿನ ಸಾಲಿನಲ್ಲಿ ಕೂತಿದ್ದ ರಾಜಕುಮಾರಿ ಕೃತಿಕಾಳ ಜಡೆಯ ಕಡೆ ಹೋಯಿತು. ಜಡೆ ತಿರುಗಿ ನೋಡಲಿಲ್ಲ.

ಮೂರು ಕೋಟೆಗಳು ಯಾವುವೆಂದರೆ, ಮೂಡಿಗೆರೆಯ ಸಭಾಂಗಣ, ಬಣಕಲ್ಲಿನ ಪಾತ್ರೆ ಉಗ್ರಾಣ, ವಸ್ತಾರೆಯ ಬಸ್ ಶೆಡ್ಡು. ಸಂಘದ ಸದಸ್ಯರ ಮನೆಯ ಮದುವೆಗೆ ಮೂರೂ ಬಾಡಿಗೆಗೆ ಸಿಗುತ್ತವೆ. ಆದರೆ ಮೂರು ಕಡೆಯ ಕಂಪ್ಯೂಟರುಗಳನ್ನು ಕೊಂಡವರು ಹಿಂದಿನ ಮೂವರು ಬೇರೆ ಬೇರೆ ಅಧ್ಯಕ್ಷರು. ಹಾಗಾಗಿ ಅವು ಒಂದೇ ಮನೆಯಲ್ಲಿ ಮೂರು ಒಲೆ ಹೂಡಿದ ಓರಗಿತ್ತಿಯರ ಹಾಗೆ ಇದ್ದವು. ಕಳೆದ ವರ್ಷ ಒಂದು ಮದುವೆಗೆ ಸಭಾಂಗಣ ಸಿಕ್ಕಿತು, ಬಸ್ಸು ಸಿಕ್ಕಿತು, ಪಾತ್ರೆಗಳು ಮಾತ್ರ ಅದೇ ದಿನ ಇನ್ನೊಂದು ಮದುವೆಗೆ ಹೊರಟುಹೋಗಿದ್ದವು. ಪಾಯಸವನ್ನು ಕಾಫಿಗಿಡಕ್ಕೆ ಔಷಧಿ ಹೊಡೆಯುವ ಡ್ರಮ್ಮಿನಲ್ಲಿ ಕದಡಿದರೆಂದು ಬೀಗರು ಇವತ್ತಿಗೂ ಹೇಳುತ್ತಾರೆ. ಡ್ರಮ್ಮು ಹೊಸದೇ ಆಗಿತ್ತೆಂದು ಹುಡುಗಿಯ ಕಡೆಯವರು ಇವತ್ತಿಗೂ ಹೇಳುತ್ತಾರೆ.

"ಮೂರೂ ಸಿಕ್ಕಿದ್ರೆ ಮದುವೆ. ಒಂದು ಸಿಗದಿದ್ರೆ ಮೂರೂ ಬೇಡ. ಅಷ್ಟು ಮಾಡಿಕೊಡು ಮಾರಾಯ" ಎಂದಿದ್ದರು ಅಧ್ಯಕ್ಷರು.

ಮಳೆಗಾಲದಿಂದ ಈ ಬೇಸಿಗೆಯವರೆಗೆ ರುದ್ರೇಶ ಅದನ್ನೇ ಮಾಡಿದ. ಒಂದೊಂದು ಊರಿನ ಡೇಟಾಬೇಸು ಒಂದೊಂದು ಬೀರು ಇದ್ದ ಹಾಗೆ. ಅದರೊಳಗೆ ಸಾಲು ಸಾಲಾಗಿ ಖಾನೆಗಳು: ತಾರೀಖು, ವರ, ವಧು. ಮೂರು ಬೀರುಗಳ ನಡುವೆ ಓಡಾಡಿ ಒಪ್ಪಿಗೆ ಕೇಳಲು ಅವನು ಇನ್ನೊಂದು ಯಂತ್ರವನ್ನು ನಿಲ್ಲಿಸಿದ. ಅದಕ್ಕೆ ಇಂಗ್ಲಿಷಿನಲ್ಲಿ 'ಡಿಸ್ಟ್ರಿಬ್ಯೂಟೆಡ್ ಟ್ರಾನ್ಸಾಕ್ಷನ್ ಮ್ಯಾನೇಜರ್' ಎಂಬ ಹೆಸರಿತ್ತು. ಮೊದಲ ದಿನವೇ ಆಫೀಸಿನ ಗುಮಾಸ್ತೆ ಸರೋಜಮ್ಮ ಅದನ್ನು 'ಮೇಸ್ತ್ರಿ' ಎಂದು ಕರೆದು ಮುಗಿಸಿದರು. ಎಸ್ಟೇಟಿನ ಮೇಸ್ತ್ರಿ ಮಾಡುವ ಕೆಲಸವನ್ನೇ ತಾನೆ ಅದೂ ಮಾಡುವುದು? ಮೊದಲು ಮೂರೂ ಕಡೆ ಹೋಗಿ "ತಯಾರಿದ್ದೀರಾ?" ಎಂದು ಕೇಳುತ್ತದೆ. ಮೂರು ಕಡೆಯಿಂದಲೂ 'ಹೂಂ' ಬಂದರೆ "ಸರಿ, ಬರೆದುಕೊಳ್ಳಿ" ಎನ್ನುತ್ತದೆ. ಒಬ್ಬರು 'ಇಲ್ಲ' ಎಂದರೂ "ಎಲ್ಲರೂ ಅಳಿಸಿಬಿಡಿ" ಎನ್ನುತ್ತದೆ. ಯಾರಾದರೂ ಏನೂ ಹೇಳದೆ ಕೂತರೆ?

ಅದಕ್ಕೂ ಅಜ್ಜಿಯೇ ಉತ್ತರ. ರಾತ್ರಿ ಕತೆ ಹೇಳುವಾಗ ಮೂರು ಮೊಮ್ಮಕ್ಕಳೂ ಹೂಂಗುಡಬೇಕು. ಒಬ್ಬ ನಿದ್ದೆ ಹೋದರೆ ರಾಕ್ಷಸ ಎತ್ತಿದ ಕೈ ಎತ್ತಿದಂತೆಯೇ ಇರುತ್ತದೆ. ಉಳಿದಿಬ್ಬರು ಮಲಗುವ ಹಾಗೂ ಇಲ್ಲ, ಕತೆ ಕೇಳುವ ಹಾಗೂ ಇಲ್ಲ. ಮೇಸ್ತ್ರಿಯೂ ಹಾಗೆಯೇ, ಉತ್ತರ ಬರುವವರೆಗೆ ಆ ದಿನಕ್ಕೆ ಬೀಗ ಹಾಕಿ ಕಾಯುತ್ತದೆ.

ಅಧ್ಯಕ್ಷರು ಮತ್ತೆರಡು ಷರತ್ತು ಹಾಕಿದ್ದರು. ಪಾತ್ರೆಯ ತಳ ನೋಡಿ, ಬಸ್ಸಿನ ಟೈರು ನೋಡಿ, ಆಯಾ ಊರಿನ ಮನುಷ್ಯರೇ ಗುಂಡಿ ಒತ್ತಬೇಕು. ಮತ್ತೆ, ಒಮ್ಮೆ ಕೇಳಿದ ಮೇಲೆ ಮಧ್ಯೆ ಯಾರೂ ಕೈ ಹಾಕಬಾರದು, ಮೂರು ಹೂಂ ಬಿದ್ದ ಮೇಲಂತೂ ಯಾರೂ ರದ್ದು ಮಾಡಬಾರದು. "ನಾನೇ ಬಂದು ಕಾಲು ಹಿಡಿದ್ರೂ ಆಗ್ಬಾರ್ದು. ನಮ್ಮೂರಲ್ಲಿ ಶಿಫಾರಸಿನ ಕಾಟ ನಿಂಗೊತ್ತಲ್ಲ."

"ಹೆಸರು ತಿದ್ದೋಕಾದ್ರೂ ಬಿಡಿ ಸರ್" ಎಂದಿದ್ದರು ಸರೋಜಮ್ಮ. "ಜನ ಮದುಮಗನ ಮನೆ ಹೆಸರು ಒಂದು ಹೇಳ್ತಾರೆ, ಪತ್ರಿಕೇಲಿ ಇನ್ನೊಂದು ಹಾಕಿಸ್ತಾರೆ."

ಮೂರು ಹೂಂ ಬಿದ್ದ ಮೇಲೆ ಹೆಸರು ಮಾತ್ರ ತಿದ್ದಬಹುದು ಎಂದು ತೀರ್ಮಾನವಾಯಿತು.

ಇವತ್ತು ಸಂಜೆ ಮೇಸ್ತ್ರಿಯ ಉದ್ಘಾಟನೆ. ಬೆಳಿಗ್ಗೆ ಮೂಡಿಗೆರೆಯ ಆಫೀಸಿನಲ್ಲಿ ರುದ್ರೇಶ ಒಬ್ಬನೇ ಇದ್ದ. ಹಿಂದಿನ ದಿನವೇ ಬಣಕಲ್ಲಿಗೂ ವಸ್ತಾರೆಗೂ ಫೋನ್ ಮಾಡಿ, "ನಾಳೆ ಒಂದು ಪರೀಕ್ಷೆಯ ಬುಕ್ಕಿಂಗ್ ಕಳಿಸ್ತೀನಿ, ಸುಮ್ನೆ ಯಾವ್ದಾದ್ರೂ ಹೆಸರು ಹಾಕಿರ್ತೀನಿ" ಎಂದು ಹೇಳಿದ್ದ. ತಾರೀಖಿನ ಖಾನೆಯಲ್ಲಿ ವೈಶಾಖದ ಒಂದು ಭಾನುವಾರ ಹಾಕಿದ. ವರನ ಖಾನೆ ಖಾಲಿ ಬಿಟ್ಟರೆ ಮೇಸ್ತ್ರಿ ಒಪ್ಪುವುದಿಲ್ಲ, ಹಾಗೆ ಬರೆದವನು ಅವನೇ. 'ರುದ್ರೇಶ್' ಎಂದು ಒತ್ತಿದ. ವಧುವಿನ ಖಾನೆಗೆ ಬಂದಾಗ ಕಿಟಕಿಯಿಂದ ಗಾಳಿ ಬೀಸಿತು. ತಗ್ಗಿನ ತೋಟಗಳಲ್ಲಿ ಆಗಲೇ ಕಾಫಿ ಹೂವಾಗಿತ್ತು. ಆ ಪರಿಮಳ ಮೂಗಿಗೆ ಬಿದ್ದವರು ಏನು ಒತ್ತುತ್ತಾರೋ ಅವರಿಗೇ ಗೊತ್ತಿರುವುದಿಲ್ಲ. 'ಕೃತಿಕಾ' ಎಂದು ಒತ್ತಿಬಿಟ್ಟ.

ಪರೀಕ್ಷೆಗೆ ತಾನೆ, ಬಣಕಲ್ಲಿನವರಿಗೆ 'ಇಲ್ಲ' ಒತ್ತಲು ಹೇಳಿದರಾಯಿತು, ಎಲ್ಲ ಅಳಿದುಹೋಗುತ್ತದೆ ಎಂದುಕೊಂಡ. ಮೇಸ್ತ್ರಿಯನ್ನು ಓಡಿಸಿದ. ಸಭಾಂಗಣದ ಹೂಂ ಅವನೇ ಒತ್ತಿದ.

ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ವಸ್ತಾರೆಯಿಂದ ಬಂತು: ಹೂಂ.

ರುದ್ರೇಶನ ಎದೆ, ಬೇಲಿ ಹಾರಿದ ಕರುವಿನಂತೆ ನೆಗೆಯಿತು. ಯಾಕೆಂದರೆ ವಸ್ತಾರೆಯ ಬಸ್ ಶೆಡ್ಡಿನಲ್ಲಿ ಗುಂಡಿ ಒತ್ತುವವಳು ಸಾಕ್ಷಾತ್ ಕೃತಿಕಾ. ಬಿ.ಕಾಂ. ಮುಗಿಸಿ ಅಪ್ಪನ ಸಂಘದಲ್ಲೇ ಕೆಲಸಕ್ಕಿದ್ದಳು. ಉತ್ತರ ಒತ್ತುವವರೆಗೆ ಆಯಾ ಊರಿನ ಪರದೆಯ ಮೇಲೆ ವರ ವಧುವಿನ ಹೆಸರು ದಪ್ಪಕ್ಷರದಲ್ಲಿ ಕಾಣುತ್ತದೆ. ನೋಡಿದ್ದಾಳೆ. ನೋಡಿಯೂ ಹೂಂ ಅಂದಿದ್ದಾಳೆ!

ಆ ಸಂತೋಷ ಸರೋಜಮ್ಮನವರು ಚೀಲ ಇಳಿಸುವವರೆಗೂ ಇರಲಿಲ್ಲ. ಅವರ ಹಿಂದೆಯೇ ಅಧ್ಯಕ್ಷರು ಬಂದರು.

"ರುದ್ರೇಶಾ, ವೈಶಾಖದಲ್ಲಿ ಮುಹೂರ್ತ ಇರೋ ಒಂದೇ ಭಾನುವಾರ ಇದೆಯಲ್ಲ, ಅದು ನಂಗೆ ಬೇಕು. ಮನೇಲೊಂದು ಶುಭಕಾರ್ಯ. ಸಂಜೆ ಎಲ್ಲರೆದುರು ಅದನ್ನೇ ಮೊದಲ ಬುಕ್ಕಿಂಗ್ ಮಾಡಿ ತೋರಿಸು. ವೇದಿಕೆ ಮೇಲೆ ದೊಡ್ಡ ಟಿ.ವಿ. ಇಡಿಸಿ ಹಾರ ಹಾಕಿಸಿದೀನಿ."

ಅಧ್ಯಕ್ಷರಿಗೆ ಅರವತ್ತು ತುಂಬುತ್ತಿರುವುದು ಊರಿಗೇ ಗೊತ್ತಿತ್ತು. ಅರವತ್ತರ ಶಾಂತಿ ಇರಬೇಕು ಎಂದುಕೊಂಡ ರುದ್ರೇಶನಿಗೆ ಮರುಕ್ಷಣ ಇನ್ನೊಂದು ಹೊಳೆಯಿತು. ಅವನು ಪರೀಕ್ಷೆಗೆಂದು ಹಾಕಿದ್ದೂ ಅದೇ ಭಾನುವಾರ. ಈಗ ಆ ದಿನ ಬೀಗ ಹಾಕಿಕೊಂಡು ಬಣಕಲ್ಲಿನ ಉತ್ತರಕ್ಕೆ ಕಾಯುತ್ತಿದೆ. ಹೂಂ ಒತ್ತಿಯಾದ ಮೂಡಿಗೆರೆಯ ಪರದೆಯಲ್ಲಿ ಸದ್ಯಕ್ಕೆ ಹೆಸರು ಕಾಣುವುದಿಲ್ಲ, 'ಕಾಯುತ್ತಿದೆ' ಎಂದಷ್ಟೇ ಇದೆ. ಬಣಕಲ್ 'ಇಲ್ಲ' ಎಂದರೆ ಬಚಾವು. ಎಲ್ಲಾದರೂ 'ಹೂಂ' ಎಂದುಬಿಟ್ಟರೆ, ಹಾರ ಹಾಕಿದ ಟಿ.ವಿ.ಯಲ್ಲಿ, ಅಧ್ಯಕ್ಷರ ಮಗಳ ಹೆಸರಿನ ಪಕ್ಕ ಅವನ ಹೆಸರು!

ಬಣಕಲ್ಲಿಗೆ ಫೋನ್ ಮಾಡಿದ. ಉಗ್ರಾಣದ ಶಂಕರಮ್ಮ ಎತ್ತಿದರು.

"ಕರೆಂಟ್ ಉಂಟು, ಆದ್ರೆ ಇಲ್ಲದ ಹಾಗೆ. ಎಲ್ಲರೂ ಕಾಫಿ ಹೂವಿಗೆ ಅಂತ ತೋಟಕ್ಕೆ ನೀರಿನ ಸ್ಪ್ರಿಂಕ್ಲರ್ ಹಾಕಿ ಕೂತಿದಾರೆ, ಪಂಪುಗಳೇ ಕರೆಂಟೆಲ್ಲ ಎಳ್ಕೊಳ್ತಿವೆ. ನಿನ್ನ ಯಂತ್ರ ಬೆಳಿಗ್ಗೆಯಿಂದ ಕಣ್ಣೇ ಬಿಟ್ಟಿಲ್ಲ."

"ಶಂಕರಮ್ಮೋರೇ, ಅದು ಎದ್ದ ತಕ್ಷಣ 'ಇಲ್ಲ' ಒತ್ತಿಬಿಡಿ."

"ಎಂತಕ್ಕೆ? ಯಾರ ಮದುವೆ ಅದು?"

ಸರೋಜಮ್ಮನವರ ಕೈ ಟೈಪು ಮಾಡುವುದನ್ನು ನಿಲ್ಲಿಸಿ ಕಿವಿಯ ಹತ್ತಿರದ ಕೂದಲನ್ನು ಸರಿಸಿತು.

"ನಾನೇ ಬಂದೆ" ಎಂದು ರುದ್ರೇಶ ಫೋನಿಟ್ಟು ಬೈಕು ಹತ್ತಿದ.

ಬಣಕಲ್ ಇನ್ನೂ ದೂರವಿರುವಾಗಲೇ ಬೈಕು ಕೆಮ್ಮಿ, ಉಗುಳಿ, ನಿಂತಿತು. ತಳ್ಳಿಕೊಂಡು ಹೋಗುತ್ತಿದ್ದವನ ಪಕ್ಕ ಒಂದು ಜೀಪು ಬಂತು. ಓಡಿಸುತ್ತಿದ್ದವನು ಬಣಕಲ್ಲಿನ ಮೆಕ್ಯಾನಿಕ್ ವಸೀಮ್.

"ಎಂತ ಮಾರಾಯ, ಕುದುರೆ ಮಲಗ್ತಾ? ಹತ್ತು ಹತ್ತು. ಶಂಕರಮ್ಮೋರ ಕಂಪ್ಯೂಟರ್ ಎಬ್ಬಿಸೋಕೆ ನಾನೂ ಅಲ್ಲಿಗೇ ಹೊರಟಿದ್ದು. ನಿಮ್ಮ ಸರೋಜಮ್ಮನೇ ಫೋನ್ ಮಾಡಿದ್ರು. ಯಾರೋ ಮಂತ್ರಿ ಮಗನ ಮದುವೆಯಂತೆ ನಿಮ್ಮ ಸಭಾಂಗಣದಲ್ಲಿ?"

"ಯಾವ ಮಂತ್ರಿ?"

"ಅದು ಗೊತ್ತಿಲ್ಲ. ಆ ಭಾನುವಾರ ಯಾರೋ ಹಿಡ್ಕೊಂಡು ಕೂತಿದಾರೆ, ಹೆಸರು ಬೇರೆ ಬಚ್ಚಿಟ್ಟಿದಾರೆ. ಅಧ್ಯಕ್ಷರು ಕೇಳಿದ್ರೂ ಬಿಡ್ತಿಲ್ಲ ಅಂದ್ರೆ ಮಂತ್ರಿಗಿಂತ ಕಮ್ಮಿಯವರಾ?"

ರುದ್ರೇಶನ ಫೋನು ಹೊಡೆದುಕೊಂಡಿತು. ಅಧ್ಯಕ್ಷರು. "ಯಾವನೋ ಅವನು ನನ್ನ ಭಾನುವಾರದ ಮೇಲೆ ಕೂತಿರೋದು? ಬಿಡಿಸು ಅವನನ್ನ!"

"ಮಧ್ಯೆ ಕೈ ಹಾಕೋ ಹಾಗಿಲ್ಲ ಸರ್. ನೀವೇ ಹೇಳಿದ್ದು, ಕಾಲು ಹಿಡಿದ್ರೂ..."

"ನಾನು ಸಾವಿರ ಹೇಳ್ತೀನಿ, ನೀನು ಎಲ್ಲಾನೂ ಮಾಡ್ತೀಯ?"

"ಬಿಡಿಸ್ತೀನಿ ಸರ್. ಅದಕ್ಕೇ ಹೋಗ್ತಿದೀನಿ ಸರ್."

ಉಗ್ರಾಣವೆಂದರೆ ಉದ್ದನೆಯ ಹೆಂಚಿನ ಕಟ್ಟಡ. ಒಳಗೆ ಒಬ್ಬೊಬ್ಬ ಮನುಷ್ಯ ಕೂತು ಸ್ನಾನ ಮಾಡಬಹುದಾದ ಕೊಪ್ಪರಿಗೆಗಳು, ಗುರಾಣಿಯಂಥ ಮುಚ್ಚಳಗಳು, ಸಾಲಾಗಿ ನೇತುಬಿದ್ದ ಸಟ್ಟುಗಗಳು. ಅವುಗಳ ನಡುವೆ, ಬಾಡಿಗೆಗೆ ಹೋಗದೆ ಉಳಿದ ಪಾತ್ರೆಯ ಹಾಗೆ, ಕಂಪ್ಯೂಟರು. ಅದರ ಪಕ್ಕ ಒಂದು ಹೆಬ್ಬೆಟ್ಟಿನ ಯಂತ್ರ. ಶಂಕರಮ್ಮ ಬೆರಳಿಟ್ಟರೆ ಮಾತ್ರ ಗುಂಡಿಗಳು ಕೆಲಸ ಮಾಡುತ್ತವೆ. ಇದನ್ನೂ ಬರೆದವನು ರುದ್ರೇಶನೇ. ಇವತ್ತು ಅವನಿಗೆ ತನ್ನ ಮೇಲೆ ತನಗೇ ಸಿಟ್ಟು ಬರುತ್ತಿತ್ತು.

ವಸೀಮ್ ಜೀಪಿನ ಬ್ಯಾಟರಿ ಬಿಚ್ಚಿ ತಂದು ಇನ್‌ವರ್ಟರಿಗೆ ತಂತಿ ಸುತ್ತತೊಡಗಿದ.

"ಇದರಲ್ಲಿ ಓಡುತ್ತಾ?"

"ಆನೆ ಬೇಲಿಗೇ ಕರೆಂಟ್ ಕೊಟ್ಟೋನು ನಾನು. ಇದೆಂತ, ಇಲಿಯಷ್ಟಿದೆ."

ಪರದೆ ಎರಡು ಸಲ ಮಿಟುಕಿ ಬೆಳಗಿತು. ಶಂಕರಮ್ಮ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ವರ... ರು-ದ್ರೇಶ್. ವಧು... ಕೃ-ತಿ-ಕಾ." ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. ಮುಖ ಪೂರಾ ಹಬ್ಬವಾಯಿತು. "ಅಯ್ಯೋ ಕಳ್ಳಾ! ನಮ್ಮ ಅಧ್ಯಕ್ಷರ ಮಗಳು!"

"ಮಂತ್ರಿ ಮಗ ನೀನಾ ಮಾರಾಯ?" ಎಂದ ವಸೀಮ್.

"ಅದು ಪರೀಕ್ಷೆಗೆ ಹಾಕಿದ ಹೆಸರು! ನಿನ್ನೆ ಹೇಳಿರಲಿಲ್ವಾ? ದಮ್ಮಯ್ಯ, 'ಇಲ್ಲ' ಒತ್ತಿ ಶಂಕರಮ್ಮೋರೇ. ಅಧ್ಯಕ್ಷರಿಗೆ ಆ ದಿನ ಬೇಕು."

ಶಂಕರಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

"ನೋಡು ರುದ್ರೇಶಾ. ನಮ್ಮತ್ತೆ ಈ ಉಗ್ರಾಣದ ಬೀಗದಕೈ ಇಟ್ಕೊಂಡಿದ್ದ ಕಾಲದಿಂದ, ಮದುವೆ ಪಾತ್ರೆ ಕೇಳಿ ಬಂದವರಿಗೆ ಇಲ್ಲಿ 'ಇಲ್ಲ' ಅನ್ನೋ ಮಾತು ಆಡಿದ್ದಿಲ್ಲ. ಮನೇಲಿ ಅಕ್ಕಿ ಮುಗಿದ್ರೆ ಇಲ್ಲ ಅಂತೀವಾ? ತುಂಬಿದೆ ಅಂತೀವಿ. ದೀಪ ಆರಿಸು ಅಂತೀವಾ? ದೊಡ್ಡದು ಮಾಡು ಅಂತೀವಿ."

"ಹಾಗಾದ್ರೆ ಕಳೆದ ವರ್ಷ ಪಾತ್ರೆ ಬೇರೆ ಕಡೆ ಹೋಗಿತ್ತಲ್ಲ, ಆಗ ಅವರಿಗೆ ಎಂತ ಹೇಳಿದ್ರಿ?"

"ತುಂಬಿದೆ ಅಂದೆ. ಅವರು ಪಾತ್ರೆ ತುಂಬಿ ಇಟ್ಟಿದಾರೆ ಅಂದ್ಕೊಂಡು ನಂಬಿ ಹೋದ್ರು. ಅದು ನನ್ನ ತಪ್ಪಾ?"

ಡ್ರಮ್ಮಿನ ಪಾಯಸದ ಗುಟ್ಟು ಹೀಗೆ ಬಯಲಾಯಿತು. ಆದರೆ ರುದ್ರೇಶನಿಗೆ ಅದನ್ನು ಸವಿಯುವ ಹೊತ್ತಲ್ಲ.

"ಇದರಲ್ಲಿ 'ತುಂಬಿದೆ' ಅನ್ನೋ ಗುಂಡಿ ಇಲ್ಲ ಶಂಕರಮ್ಮೋರೇ. ಎರಡೇ ಇರೋದು."

"ಇಟ್ಟಿಲ್ಲ ಅಂದ್ರೆ ಯಾರ ತಪ್ಪು?"

"ನಿಮ್ಮ ಬೆರಳೊಂದು ಇಡಿ ಸಾಕು, ಗುಂಡಿ ನಾನು ಒತ್ತುತ್ತೀನಿ. ಪಾಪ ನಂಗೆ ಬರ್ಲಿ."

ಅವನು ಕೈ ಚಾಚಿದ. ಬೆರಳ ಗಂಟಿನ ಮೇಲೆ ಸಟ್ಟುಗ ಬಿತ್ತು. "ಉಗ್ರಾಣದ ಯಂತ್ರಕ್ಕೆ ಉಗ್ರಾಣದವರ ಕೈ! ಸ್ವಂತ ಮದುವೆಗೆ ಯಾರಾದ್ರೂ ಇಲ್ಲ ಅಂತಾರೇನೋ? ಹುಡುಗಿ ಒಪ್ಪಿದಾಳೋ?"

ರುದ್ರೇಶ ಪೆಟ್ಟು ಬಿದ್ದ ಬೆರಳನ್ನು ಉಜ್ಜಿಕೊಂಡ. "ವಸ್ತಾರೆಯಿಂದ... ಹೂಂ ಬಂದಿದೆ" ಎಂದ. ಸುಳ್ಳಂತೂ ಅಲ್ಲ. ಹೇಳುವಾಗ ಅವನ ಕಿವಿ ಬಾಳೆಕಾಯಿ ಬೋಂಡಾದಷ್ಟು ಬಿಸಿಯಾಗಿತ್ತು.

"ಮತ್ತೆಂತ! ನಮ್ಮ ಸಾಬರ ಹುಡುಗನೇ ಸಾಕ್ಷಿ."

"ಸಾಕ್ಷಿ ಖಂಡಿತ" ಎಂದ ವಸೀಮ್. "ಬೇಗ ಒತ್ತಿ, ಬ್ಯಾಟ್ರಿ ಇಳೀತಿದೆ."

ಶಂಕರಮ್ಮ ಗೋಡೆಯ ಮೇಲಿನ ದೇವರಿಗೆ ಒಮ್ಮೆ ಕೈಮುಗಿದು, ಹೆಬ್ಬೆರಳಿಟ್ಟು, ಕುಂಕುಮ ಹಚ್ಚುವಷ್ಟು ನಾಜೂಕಾಗಿ 'ಹೂಂ' ಒತ್ತಿದರು.

ಮೇಸ್ತ್ರಿ ಎಚ್ಚೆತ್ತ. ಮೂರು ಹೂಂ. ಬರೆದುಕೊಳ್ಳಿ ಎಂದ. ಮೂರು ಊರೂ ಬರೆದುಕೊಂಡವು.

ರುದ್ರೇಶ ಮಳೆಗಾಲದಿಂದ ಕನಸು ಕಂಡಿದ್ದು ಈ ಗಳಿಗೆಯನ್ನೇ. ಈಗ ಅವನು ಒಂದು ಕೊಪ್ಪರಿಗೆಯ ಅಂಚು ಹಿಡಿದು ನಿಂತಿದ್ದ. ಒಳಗೆ ಇಳಿದು ಮುಚ್ಚಳ ಹಾಕಿಕೊಂಡರೆ ಹೇಗೆ ಎಂದು ನೋಡುತ್ತಿದ್ದ.

ವಸೀಮ್ ಬ್ಯಾಟರಿಯನ್ನು ಮತ್ತೆ ಜೀಪಿಗೆ ಹಾಕಿ ಅವನನ್ನು ಮೂಡಿಗೆರೆಗೆ ಹೊತ್ತುಕೊಂಡು ಬಂದ. ಸಭಾಂಗಣದ ಮುಂದೆ ಚಪ್ಪಲಿಗಳ ಗುಡ್ಡೆ. ಮಂತ್ರಿಯ ಬೀಗರು ಯಾರೆಂದು ನೋಡಲು, ಸಂಘದ ಸದಸ್ಯರಲ್ಲದೆ ಸದಸ್ಯರಲ್ಲದವರೂ ಬಂದಿದ್ದರು. ಒಳಗೆ ಎಲ್ಲರ ಕತ್ತೂ ಒಂದೇ ಕಡೆ ನೆಟ್ಟಿತ್ತು. ವೇದಿಕೆಯ ಮೇಲೆ, ಸೇವಂತಿಗೆ ಹಾರದೊಳಗಿಂದ, ಟಿ.ವಿ. ಹೇಳುತ್ತಿತ್ತು:

ವರ: ರುದ್ರೇಶ್. ವಧು: ಕೃತಿಕಾ. ಸಭಾಂಗಣ: ಹೂಂ. ಪಾತ್ರೆ: ಹೂಂ. ಬಸ್ಸು: ಹೂಂ.

"ಇದು ಯಾವ ರುದ್ರೇಶ?" ಎಂದರು ಅಧ್ಯಕ್ಷರು. ದನಿ ಬಹಳ ಮೆಲ್ಲಗಿತ್ತು. ಜೋರಾಗಿದ್ದರೇ ವಾಸಿಯಿತ್ತು.

"ನಮ್ಮವನೇ ಸರ್. ಅಗೋ ಬಂದ" ಎಂದರು ಸರೋಜಮ್ಮ, ಜಾಗ ಬಿಟ್ಟುಕೊಡುತ್ತಾ.

"ಪರೀಕ್ಷೆಗೆ ಅಂತ ಹಾಕಿದ್ದು ಸರ್" ಎಂದ ರುದ್ರೇಶ. "ಆದ್ರೆ..." ಆ 'ಆದ್ರೆ' ಎಲ್ಲಿಂದ ಬಂತೋ! ಕಾಫಿ ಹೂವಿನ ವಾಸನೆ ಇನ್ನೂ ತಲೆಗೆ ಹತ್ತಿತ್ತೇನೋ. "ಆದ್ರೆ ವಸ್ತಾರೆಯಿಂದ ಹೂಂ ಬಂದಿದೆ ಸರ್. ಎಲ್ಲರಿಗಿಂತ ಮೊದಲು."

ಸಭೆಯೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿತು. ವಸ್ತಾರೆಯ ಸದಸ್ಯರನ್ನು ಕರೆತಂದ ಬಸ್ಸಿನಿಂದ ಆಗಷ್ಟೇ ಇಳಿದ ಕೃತಿಕಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಬಸ್ಸಿನ ಕೀ. ಟಿ.ವಿ. ನೋಡಿದಳು, ರುದ್ರೇಶನನ್ನು ನೋಡಿದಳು.

"ಹೂಂ ಒತ್ತಿದ್ದು ನಾನೇ" ಎಂದಳು. "ಸುಮ್ನೆ ಯಾವ್ದಾದ್ರೂ ಹೆಸರು ಹಾಕ್ತೀನಿ ಅಂದಿದ್ರಲ್ಲ ರುದ್ರೇಶಣ್ಣ, ಅದಕ್ಕೇ ಹೆಸರು ನೋಡ್ಲಿಲ್ಲ. ಬಸ್ ಖಾಲಿ ಇದೆಯಾ ಅಂತ ಕೇಳಿತ್ತು. ಖಾಲಿ ಇತ್ತು, ಹೂಂ ಅಂದೆ. ನಾನು ಖಾಲಿ ಇದೀನಾ ಅಂತ ನಿಮ್ಮ ಮೇಸ್ತ್ರಿ ಎಲ್ಲಿ ಕೇಳಿದ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಎಲ್ಲಕ್ಕಿಂತ ಹೆಚ್ಚು ನಾಟಿದ್ದು ಆ 'ಅಣ್ಣ'. ಮೂರು ಊರನ್ನು ಕೇಳಿದ್ದ ರುದ್ರೇಶ, ನಾಲ್ಕನೆಯ ಹೂಂ ಒಂದಿದೆ ಎಂಬುದನ್ನೇ ಮರೆತಿದ್ದ.

"ರದ್ದು ಮಾಡು" ಎಂದರು ಅಧ್ಯಕ್ಷರು.

"ಆಗಲ್ಲ ಸರ್. ಮೂರು ಹೂಂ ಬಿದ್ದ ಮೇಲೆ..."

"ನಂಗೆ ಆ ದಿನ ಬೇಕೋ! ಕಳಸದ ಅಶ್ವಿನ್ ಮನೆಯವರಿಗೆ ಮಾತು ಕೊಟ್ಟಿದೀನಿ. ಬೇರೆ ಮುಹೂರ್ತ ಇಲ್ಲ."

"ಕಳಸದ... ಅಂದ್ರೆ, ಅರವತ್ತರ ಶಾಂತಿ ಅಲ್ವಾ ಸರ್?"

"ಯಾವನಿಗೋ ಅರವತ್ತು? ಮಗಳ ಮದುವೆ!"

ರುದ್ರೇಶನ ಕಾಲ ಕೆಳಗಿನ ಸಿಮೆಂಟು ಕೂಡ ಒಂದಿಷ್ಟು ಸರಿಯಿತು. ಕೃತಿಕಾ ನಗು ತಡೆಯಲು ಕೀಯನ್ನು ಬಾಯಿಗೆ ಒತ್ತಿಕೊಂಡಳು. ಸರೋಜಮ್ಮ ಮಾತ್ರ ತಲೆ ಓಡಿಸಿದರು. ಅವರಿಗೆ ಆ ಹೊತ್ತಿಗೆ ತಲೆ ಓಡದಿದ್ದರೆ ಎಷ್ಟು ಚೆನ್ನಾಗಿತ್ತು!

"ಸರ್, ರದ್ದು ಎಂತಕ್ಕೆ? ದಿನ ಅದೇ. ಸಭಾಂಗಣ, ಪಾತ್ರೆ, ಬಸ್ಸು ಎಲ್ಲಾ ಗಟ್ಟಿಯಾಗಿದೆ. ಹೆಸರು ಮಾತ್ರ ತಿದ್ದಬಹುದಲ್ಲ. ಅದೂ ವರನದ್ದೊಂದೇ."

ಸಭೆ ಚಪ್ಪಾಳೆ ತಟ್ಟಿತು. ರುದ್ರೇಶ ವೇದಿಕೆ ಹತ್ತಿ ಕುರ್ಚಿಯಲ್ಲಿ ಕೂತ. ವರನ ಖಾನೆಗೆ ಹೋಗಿ ತನ್ನ ಹೆಸರನ್ನು ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸಿದ. ದೊಡ್ಡ ಪರದೆಯ ಮೇಲೆ 'ರುದ್ರೇ' ಆಯಿತು, 'ರು' ಆಯಿತು, ಬರಿದಾಯಿತು. 'ಅಶ್ವಿನ್' ಎಂದು ಒತ್ತಿದ. ತಿದ್ದುಪಡಿಗೂ ಮೂರೂರಿನ ಹೂಂ ಬೇಕು. ಸಭಾಂಗಣದ್ದನ್ನು ತಾನೇ ಒತ್ತಿದ. ಕೃತಿಕಾ ಅಲ್ಲೇ ನಿಂತು, ಫೋನಿಗೇ ಹೆಬ್ಬೆರಳಿಟ್ಟು ವಸ್ತಾರೆಯದನ್ನು ಒತ್ತಿದಳು. ಈ ಸಲ ಹೆಸರು ನೋಡಿ, ಕೆನ್ನೆ ಕೆಂಪಾಗಿಸಿಕೊಂಡು ಒತ್ತಿದಳು.

ಬಣಕಲ್ಲಿಂದ ಫೋನು ಬಂತು. ಶಂಕರಮ್ಮನವರ ದನಿ ಮೈಕಿಲ್ಲದೆಯೇ ಸಭಾಂಗಣವೆಲ್ಲ ತುಂಬಿತು. "ರುದ್ರೇಶಾ, ಸ್ಪ್ರಿಂಕ್ಲರ್ ನಿಲ್ಸಿದ್ರು, ಯಂತ್ರ ಎದ್ದಿದೆ. ಮದುಮಗ ಬದಲಾಗಿದಾನಲ್ಲ! ಆಗ್ಲಿ ಬಿಡು, ಪಾತ್ರೆ ಅವೇ ತಾನೆ? ಇಲ್ಲ ಅನ್ನೋಕಾಗುತ್ತಾ, ಒತ್ತಿದೆ."

ಮೂರನೆಯ ಹೂಂ ಬಿತ್ತು. ಮೂರು ಊರೂ ಒಂದೇ ಸಲ, ಒಂದಿಷ್ಟೂ ಹೆಚ್ಚುಕಮ್ಮಿಯಿಲ್ಲದೆ, ಒಂದೇ ಹೆಸರನ್ನು ಬರೆದುಕೊಂಡವು. ಇಷ್ಟು ಸೊಗಸಾಗಿ ಕೆಲಸ ಮಾಡುತ್ತದೆಂದು ಅದನ್ನು ಮಾಡಿದವನೂ ನಂಬಿರಲಿಲ್ಲ.

ರಾಜನ ಮುಖ ಅರಳಿತು. "ಆಡಿದ ಮಾತು ತಪ್ಪೋನಲ್ಲ ನಾನು. ಮೂರನ್ನೂ ಒಂದು ಮಾಡಿದೀಯ. ಏನು ಬೇಕೋ ಕೇಳು."

ರುದ್ರೇಶ ಒಮ್ಮೆ ಬಾಗಿಲ ಕಡೆ ನೋಡಿದ. "ಬಣಕಲ್ಲಿಗೆ ಒಂದು ಬ್ಯಾಟರಿ ಸರ್" ಎಂದ.

"ಕೊಟ್ಟೆ! ಮತ್ತೆ, ಆ ಭಾನುವಾರ ಬೆಳಿಗ್ಗೆಯೇ ಬಂದುಬಿಡು. ಪಾಯಸದ ಬಕೀಟು ನಿನ್ನ ಕೈಗೇ. ಮನೆಯವನ ಹಾಗೆ ಓಡಾಡಬೇಕು, ಆಯ್ತಾ?"

ಅದಕ್ಕೆ ಗುಂಡಿ ಇರಲಿಲ್ಲ. ರುದ್ರೇಶ ಬಾಯಿಬಿಟ್ಟೇ ಹೇಳಬೇಕಾಯಿತು.

"ಹೂಂ."